ಊಟ ಆದವರ ಪಟ್ಟಿ

“ಉಂಡವರು ಹಸಿವಿನಿಂದ ಸಾಯೂದು ಹ್ಯಾಂಗ?”

ಶಾಂತಿನಾಥ ಉಪಾಧ್ಯೆ ಗಟ್ಟಿಯಾಗಿಯೇ ಕೇಳಿದ. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಧಾರವಾಡದ ಹೊರಗಿನ ಆ ರಕ್ತ ಸಂಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ ಬೆಳಗಿನ ಹತ್ತು ಗಂಟೆಯ ಬಿಸಿಲು ಮೇಜಿನ ಅರ್ಧದವರೆಗೆ ಬಂದು ನಿಂತಿತ್ತು. ರಕ್ತದ ನಳಿಕೆಗಳನ್ನು ತಿರುಗಿಸುವ ಯಂತ್ರ ತನ್ನ ಪಾಡಿಗೆ ತಾನು ಗುನುಗುತ್ತಿತ್ತು.

ಅವನ ಮುಂದೆ ನಾಲ್ಕು ಹೆಸರುಗಳ ಒಂದು ಹಾಳೆ. ನಾಲ್ವರೂ ಹಿರೇಕಣಗಿ ಎಂಬ ಊರಿನ ಹೆಂಗಸರು. ನಾಲ್ವರೂ ಅಲ್ಲಿಯ ಮೆಣಸಿನಕಾಯಿ ಅಂಗಳದಲ್ಲಿ ಕೂತು ತೊಟ್ಟು ಮುರಿಯುವವರು. ನಾಲ್ವರೂ ‘ಕಸುವು’ ಗುಳಿಗೆ ನುಂಗುತ್ತಿದ್ದವರು. ಒಂದೇ ತಿಂಗಳಲ್ಲಿ ನಾಲ್ವರೂ ತೀರಿಹೋಗಿದ್ದರು. ಕೊನೆಯವಳು ದ್ಯಾಮವ್ವ; ಆಸ್ಪತ್ರೆಗೆ ತಂದಾಗ ಅವಳ ರಕ್ತದಲ್ಲಿ ಸಕ್ಕರೆ ಹದಿನೆಂಟು. ಎಪ್ಪತ್ತರ ಕೆಳಗಿಳಿದರೆ ಕೈ ನಡುಗುತ್ತದೆ. ನಲವತ್ತಕ್ಕೆ ಮಾತು ತೊದಲುತ್ತದೆ. ಹದಿನೆಂಟಕ್ಕೆ ಮಿದುಳು ದೀಪ ಆರಿಸಿ ಮಲಗಿಬಿಡುತ್ತದೆ. ಇದು ಉಪವಾಸದ ಸಾವು. ಆದರೆ ಹಾಳೆಯ ಕೊನೆಯ ಕಾಲಮಿನಲ್ಲಿ, ‘ಗುಳಿಗೆಗೆ ಮುಂಚೆ ಊಟ ಆಗಿದೆಯೇ’ ಎಂಬ ಪ್ರಶ್ನೆಯ ಎದುರು, ನಾಲ್ವರಿಗೂ ‘ಹೌದು’ ಎಂದಿತ್ತು. ಸಾವಿನ ಹಿಂದಿನ ದಿನವೂ ಹೌದು.

ಕಸುವು ಬಂದು ಎರಡು ವರ್ಷವಾಗಿತ್ತು. ಅದಕ್ಕೂ ಮುಂಚೆ ಈ ಸೀಮೆಯಲ್ಲಿ ರಕ್ತಹೀನತೆಗೆ ಕಬ್ಬಿಣದ ಗುಳಿಗೆ ಹಂಚುತ್ತಿದ್ದರು. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮೂರು ತಿಂಗಳು ಕಾದರೂ ಗುಣ ಕಾಣುವುದಿಲ್ಲ ಎಂದು ಹೆಂಗಸರು ಅದನ್ನು ತಿಪ್ಪೆಗೆ ಎಸೆಯುತ್ತಿದ್ದರು. ಆಗ ಕೇಂದ್ರದಲ್ಲಿ ಯಾರಿಗೋ ಒಂದು ಯೋಚನೆ ಬಂತು. ರಕ್ತವನ್ನು ಹೆಚ್ಚಿಸುವುದು ಕಷ್ಟವಾದರೆ, ಇದ್ದ ರಕ್ತದಿಂದಲೇ ಎರಡರಷ್ಟು ಕೆಲಸ ತೆಗೆಯಬಾರದೇಕೆ?

ಕೆಂಪು ಕಣ ಸೋಜಿಗದ ಜೀವಿ. ಮೈತುಂಬ ಪ್ರಾಣವಾಯುವನ್ನು ಹೊತ್ತು ತಿರುಗುತ್ತದೆ, ಅದರಲ್ಲಿ ಒಂದು ಗುಟುಕನ್ನೂ ತಾನು ಮುಟ್ಟುವುದಿಲ್ಲ. ಅದರ ಅನ್ನ ಸಕ್ಕರೆಯೊಂದೇ. ಶಾಂತಿನಾಥನ ಅಜ್ಜಿ ಮುಂಜಾನೆ ಬಸದಿಯ ಕಟ್ಟೆಯ ಮೇಲೆ ಕೂತು ರಾಗವಾಗಿ ಹೇಳುತ್ತಿದ್ದ ಪದ್ಯಗಳಲ್ಲಿ ಒಂದು ಸಾಲಿತ್ತು: ‘ಹೊತ್ತುದನುಣ್ಣದೆ ನಡೆವವ ಹಗುರ, ಉಂಡುದ ಹೊತ್ತವಗೆ ಊರು ದೂರ.’ ಕಾಲೇಜಿನಲ್ಲಿ ಮೊದಲ ಸಲ ಸೂಕ್ಷ್ಮದರ್ಶಕದ ಕೆಳಗೆ ಆ ಕಣಗಳನ್ನು ನೋಡಿದಾಗ ಅವನಿಗೆ ಆ ಸಾಲೇ ಕೇಳಿಸಿತ್ತು. ಅಂದಿನಿಂದ ಅವನಿಗೆ ಕೆಂಪು ಕಣದ ಮೇಲೆ ಒಂದು ಬಗೆಯ ಭಕ್ತಿ. ಅದನ್ನು ಯಾರ ಹತ್ತಿರವೂ ಹೇಳಿಕೊಂಡವನಲ್ಲ.

ಆ ಕಣದೊಳಗೆ ಸಕ್ಕರೆಯನ್ನು ಒಡೆದು ಶಕ್ತಿ ತೆಗೆಯಲು ಹತ್ತು ಕಿಣ್ವಗಳು ಸಾಲಾಗಿ ನಿಂತಿರುತ್ತವೆ, ಒಬ್ಬರ ಕೈಯಿಂದ ಒಬ್ಬರ ಕೈಗೆ ಬುಟ್ಟಿ ದಾಟಿಸುವ ಆಳುಗಳ ಹಾಗೆ. ಮೂರನೆಯದು ಮೇಸ್ತ್ರಿ. ಅದು ‘ಸಾಕು’ ಎಂದರೆ ಸಾಲೆಲ್ಲ ನಿಧಾನ. ಕಸುವಿನ ಅಣು ಹೋಗಿ ಈ ಮೇಸ್ತ್ರಿಯ ಬೆನ್ನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೇಸ್ತ್ರಿಗೆ ‘ಸಾಕು’ ಎನ್ನುವುದೇ ಮರೆತುಹೋಗುತ್ತದೆ. ಸಾಲು ಓಡತೊಡಗುತ್ತದೆ. ಓಡಿದಷ್ಟೂ ನಡುವೆ ಬಿಪಿಜಿ ಎಂಬ ಇನ್ನೊಂದು ರಾಸಾಯನಿಕ ಹೆಚ್ಚಾಗುತ್ತದೆ. ಅದು ಹೆಚ್ಚಾದಷ್ಟೂ ಹಿಮೋಗ್ಲೋಬಿನ್ ಮುಷ್ಟಿ ಸಡಿಲಿಸಿ, ಹೊತ್ತು ತಂದ ಪ್ರಾಣವಾಯುವನ್ನು ದಣಿದ ಸ್ನಾಯುಗಳಿಗೆ ಧಾರಾಳವಾಗಿ ಬಿಟ್ಟುಕೊಡುತ್ತದೆ. ಆರು ಹಿಮೋಗ್ಲೋಬಿನ್ನಿನ ಹೆಂಗಸು ಹನ್ನೆರಡು ಇದ್ದವಳ ಹಾಗೆ ಎದ್ದು ನಡೆಯುತ್ತಾಳೆ. ಅದೂ ಒಂಬತ್ತೇ ದಿನದಲ್ಲಿ.

ಬದಲಿಗೆ ಕಣ ಹೆಚ್ಚು ಉಣ್ಣುತ್ತದೆ. ಮೈಯೊಳಗಿನ ಕೆಂಪು ಕಣಗಳೆಲ್ಲ ಸೇರಿ ದಿನಕ್ಕೆ ಒಂದು ಹಿಡಿ ಸಕ್ಕರೆ ಉಣ್ಣುತ್ತಿದ್ದುದು ಈಗ ಐದು ಹಿಡಿ. ಧಾರವಾಡದಲ್ಲಿ ಮೊದಲ ಪರೀಕ್ಷೆಗೆ ಬಂದಿದ್ದ ಕಾಲೇಜು ಹುಡುಗಿಯರಿಗೆ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಅವರು ತಿಂಡಿ, ಊಟ, ನಡುವೆ ಮಿರ್ಚಿ ಭಜಿ, ಮತ್ತೆ ಊಟ ಮಾಡುವವರು. ಹಾಗಾಗಿ ಗುಳಿಗೆಯ ಪಟ್ಟಿಯ ಹಿಂದೆ ಒಂದೇ ಒಂದು ಎಚ್ಚರಿಕೆ ಅಚ್ಚಾಯಿತು: ಊಟದ ನಂತರ ಮಾತ್ರ ತೆಗೆದುಕೊಳ್ಳಿ, ಆರು ಗಂಟೆಗಿಂತ ಹೆಚ್ಚು ಹಸಿದಿರಬೇಡಿ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ಮೊಬೈಲಿನಲ್ಲಿ ಆ ಒಂದು ಪ್ರಶ್ನೆಯೂ ಸೇರಿತು.

ನಲವತ್ತು ಸಾವಿರ ಹೆಂಗಸರ ಉತ್ತರ ಶಾಂತಿನಾಥನ ಗಣಕಯಂತ್ರದಲ್ಲಿತ್ತು. ಊಟ ಆಗಿಲ್ಲ ಎಂದವರನ್ನು ಹುಡುಕಿದ. ಎರಡು ವರ್ಷದಲ್ಲಿ ಒಬ್ಬರೂ ಇರಲಿಲ್ಲ.

*

ಆ ನಾಲ್ಕು ಸಾವುಗಳಿಗೂ ಮುಂಚೆ ಹಿರೇಕಣಗಿಯ ಅಂಗಳದಲ್ಲಿ ಮೆಣಸಿನಕಾಯಿಯ ರಾಶಿಗಳ ನಡುವೆ ಹೆಂಗಸರು ಎರಡು ಸಾಲಾಗಿ ಕೂರುತ್ತಿದ್ದರು. ಕಸುವಿನವರದು ಒಂದು ಸಾಲು, ಉಳಿದವರದು ಇನ್ನೊಂದು. ಮೂಗು ಬಾಯಿಗೆ ಸೆರಗು ಸುತ್ತಿ, ಎಡಗೈಯಲ್ಲಿ ಕಾಯಿ ಹಿಡಿದು ಬಲಗೈಯ ಉಗುರಿನಿಂದ ತೊಟ್ಟು ಮುರಿದು, ಕಾಯಿ ಬುಟ್ಟಿಗೆ, ತೊಟ್ಟು ನೆಲಕ್ಕೆ. ಉಳಿದವರು ಸಂಜೆಗೆ ಹದಿನೆಂಟು ಕಿಲೋ ಮಾಡಿದರೆ ಕಸುವಿನವರು ಮೂವತ್ತು.

“ಶಾವಂತ್ರಿ, ಕೈ ಸಾವಕಾಶ ಮಾಡವ್ವಾ,” ಎಂದಳು ಗುಳಿಗೆ ನುಂಗದವರ ಸಾಲಿನ ಹಿರಿಯಳು ಕಾಶವ್ವ. “ನಿನ್ನ ನೋಡಿ ಮಾಲಕ ನಮ್ಮನ್ನ ದನಾ ನೋಡಿದಂಗ ನೋಡತಾನ.”

“ನೀನೂ ಗುಳಿಗಿ ನುಂಗು, ಯಾರು ಬ್ಯಾಡ ಅಂದಾರ?”

“ಬ್ಯಾಡ ನನ ತಾಯಿ. ಈ ವಯಸ್ಸಿನಾಗ ಓಡಿ ಎಲ್ಲಿ ಹೋಗೂದೈತಿ? ಹೋಗೂ ಜಾಗಕ್ಕ ಸಾವಕಾಶನ ಹೋಗತೇನಿ.”

ಸಾಲೆಲ್ಲ ನಕ್ಕಿತು. ಶಾವಂತ್ರವ್ವನೂ ನಕ್ಕಳು, ಕೈ ಮಾತ್ರ ನಿಲ್ಲಿಸಲಿಲ್ಲ. ಅವಳಿಗೆ ಮೂವತ್ತೆರಡು. ಎರಡನೇ ಹೆರಿಗೆಯಾದ ಮೇಲೆ ಒಂಬತ್ತು ವರ್ಷ ಅವಳು ಬದುಕಿದ್ದು ಬದುಕಿದ ಹಾಗಿರಲಿಲ್ಲ. ಹೊಸ್ತಿಲಿನಿಂದ ನಳದವರೆಗೆ ಹೋಗಲು ಮೂರು ಸಲ ಕೂತು ಏಳಬೇಕಿತ್ತು. ಮಗು ಅತ್ತರೆ ಎತ್ತಿಕೊಳ್ಳಲು ತೋಳಿಗೆ ಬಲವಿರಲಿಲ್ಲ. ಗೋಡೆಯ ಮಣ್ಣು ಕೆರೆದು ತಿನ್ನುವ ಆಸೆ ಹತ್ತಿತ್ತು. ಮನೆಯಲ್ಲಿ ಅವಳಿಗೆ ಹೆಸರೇ ಇರಲಿಲ್ಲ, ‘ಕುಂತಾಕಿ’ ಎನ್ನುತ್ತಿದ್ದರು. ಅವಳ ಪಾಲಿನ ಕೆಲಸವನ್ನೆಲ್ಲ ಮನೆಯ ಇನ್ನೊಬ್ಬ ಸೊಸೆ, ಅವಳ ನೆಗೆಣ್ಣಿ ದ್ಯಾಮವ್ವ ಮಾಡುತ್ತಿದ್ದಳು, ಬಯ್ಯುತ್ತಲೇ ಮಾಡುತ್ತಿದ್ದಳು.

ಕಸುವು ನುಂಗಿದ ಹತ್ತನೇ ದಿನ ಶಾವಂತ್ರವ್ವ ನಳದಿಂದ ಎರಡು ಕೊಡ ಹೊತ್ತುಕೊಂಡು ಎಲ್ಲೂ ಕೂರದೆ ಮನೆಗೆ ಬಂದಿದ್ದಳು. ಕೊಡ ಇಳಿಸಿ, ಬಾಗಿಲಲ್ಲೇ ನಿಂತು ಅತ್ತಿದ್ದಳು. ಅತ್ತೆ ಬರಮವ್ವ ಹೆದರಿ, “ಯಾಕ, ಏನಾತು?” ಎಂದರೆ ತುಂಬಿದ ಕೊಡಗಳನ್ನು ತೋರಿಸಿದ್ದಳು.

ಊರು ಬೇಗ ಹೊಂದಿಕೊಂಡಿತು. ಹೆಣ್ಣು ನೋಡಲು ಬಂದವರು ‘ಹುಡುಗಿ ಕಸುವು ತಗೋತಾಳೇನು?’ ಎಂದು ಕೇಳತೊಡಗಿದರು. ಮಾಲಕರು ಕಸುವಿನ ಸಾಲಿಗೆ ಮಧ್ಯಾಹ್ನದ ಬಿಡುವು ಅರ್ಧ ಮಾಡಿದರು. ದಣಿಯದವರಿಗೆ ಬಿಡುವು ಯಾಕೆ? ಆರೋಗ್ಯ ಕೇಂದ್ರಕ್ಕೆ ಕಬ್ಬಿಣದ ಗುಳಿಗೆಗಳು ಬರುವುದು ನಿಂತಿತು, ಯಾರೂ ಕೇಳಲಿಲ್ಲ. ಒಂದು ಮಾತ್ರ ಬದಲಾಗಲಿಲ್ಲ. ಮನೆಯಲ್ಲಿ ಮೊದಲು ಗಂಡಸರು ಉಣ್ಣುತ್ತಿದ್ದರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ. ಕೊನೆಗೆ ನೆಗೆಣ್ಣಿಯರಿಬ್ಬರು ಒಂದೇ ತಾಟಿನಲ್ಲಿ, ಬುಟ್ಟಿಯಲ್ಲಿ ಉಳಿದದ್ದನ್ನು.

*

ಮರುದಿನ ನಸುಕಿನಲ್ಲೇ ಶಾಂತಿನಾಥ ಬಸ್ಸು ಹತ್ತಿದ. ಸೂರ್ಯ ಹುಟ್ಟುವ ಮುಂಚೆ ಅವನು ಏನೂ ತಿನ್ನುವವನಲ್ಲ. ಬಸ್ಸಿನಿಂದ ಇಳಿದ ಮೇಲೆ ನೋಡಿಕೊಂಡರಾಯಿತೆಂದುಕೊಂಡಿದ್ದ. ಇಳಿದಾಗ ಆಶಾ ಕಾರ್ಯಕರ್ತೆ ಮೆಹಬೂಬಿ ಛತ್ರಿ ಹಿಡಿದು ಕಾಯುತ್ತಿದ್ದಳು. ಅಂದು ಅಮಾವಾಸ್ಯೆ. ಅಂಗಳಕ್ಕೆ ರಜೆ, ಹೆಂಗಸರೆಲ್ಲ ಮನೆಯಲ್ಲೇ ಸಿಗುತ್ತಾರೆ.

“ನೀವು ಧಾರವಾಡದಾಗ ರಕ್ತಾ ನೋಡತೀರಿ, ನಾ ಇಲ್ಲಿ ಮಾರಿ ನೋಡತೀನಿ,” ಎಂದಳು ಮೆಹಬೂಬಿ, ಬಿರಬಿರನೆ ನಡೆಯುತ್ತ. “ಬರ್ರಿ, ಹ್ಯಾಂಗ ಬರಕೋತೀನಿ ಅಂತ ತೋರಸ್ತೀನಿ. ಒಂದೂ ಮನಿ ಬಿಟ್ಟಿಲ್ಲ ನಾ. ಕಳ್ಳ ಬರಹ ಇಲ್ಲ ನಂದು.”

ಅವನು ಅವಳ ಹಿಂದೆ ಹನ್ನೊಂದು ಮನೆಗೆ ಹೋದ. ಮಾತಿಲ್ಲದೆ ನಿಂತು ಕೇಳಿಸಿಕೊಳ್ಳುವುದು ಅವನಿಗೆ ಹುಟ್ಟಿನಿಂದ ಬಂದದ್ದು. ಪ್ರತಿ ಬಾಗಿಲಲ್ಲೂ ಒಂದೇ ರಾಗ.

“ಅಕ್ಕಾರ, ಊಟ ಆತೇನ್ರಿ?”

“ಆತವ್ವಾ. ನಿಂದು?”

“ನಂದೂ ಆತ್ರಿ. ಗುಳಿಗಿ ತಗೊಳ್ರಿ ಹಂಗಾರ.”

ಗುಳಿಗೆ ಕೈಗೆ, ನೀರಿನ ಚೊಂಬು ಬಾಯಿಗೆ, ಮೊಬೈಲಿನಲ್ಲಿ ಬೆರಳು ‘ಹೌದು’ ಎಂಬುದರ ಮೇಲೆ. ಮುಂದಿನ ಮನೆ. ಮೆಹಬೂಬಿ ಕಳ್ಳಿಯಲ್ಲ, ಕೇಳಿಯೇ ಬರೆಯುತ್ತಿದ್ದಳು. ಹೆಂಗಸರೂ ತಡವರಿಸುತ್ತಿರಲಿಲ್ಲ. ಶಾಂತಿನಾಥನಿಗೆ ದಾರಿ ತಪ್ಪಿದಂತಾಯಿತು. ಗುಳಿಗೆಯಲ್ಲೇ ಏನೋ ಬೆರಕೆಯಾಗಿರಬೇಕು, ಧಾರವಾಡಕ್ಕೆ ಹೋಗಿ ಈ ಸಲ ಬಂದ ಗುಳಿಗೆಗಳನ್ನೆಲ್ಲ ಪರೀಕ್ಷೆಗೆ ಹಾಕಬೇಕು ಎಂದು ಯೋಚಿಸುತ್ತ ಬೇವಿನ ಮರದ ನೆರಳಿಗೆ ಬಂದ. ಹೊತ್ತು ಹನ್ನೆರಡು ದಾಟಿತ್ತು.

“ಸಾಹೇಬ್ರ, ಕೇಳೂದ ಮರ್ತೆ. ನಿಮ್ಮ ಊಟ ಆತೇನ್ರಿ?”

“ಆತು, ಆತು,” ಎಂದ ಶಾಂತಿನಾಥ.

ನಾಲ್ಕು ಹೆಜ್ಜೆ ನಡೆದು ನಿಂತುಬಿಟ್ಟ.

“ಯಾಕ್ರಿ?”

“ಮೆಹಬೂಬಿ, ನಂದು ಊಟ ಆಗಿಲ್ಲ. ನಿನ್ನೆ ಹೊತ್ತು ಮುಳುಗೂ ಮುಂದ ಉಂಡಾಂವ, ಇನ್ನೂ ತನಕ ನೀರ ಅಷ್ಟ ಕುಡದೀನಿ.”

“ಅಯ್ಯ! ಮತ್ತ ಆತು ಅಂದ್ರಿ?”

“ಅದನ್ನ ನಾನೂ ಕೇಳಾಕತ್ತೀನಿ. ಯಾಕ ಅಂದೆ?”

ಮೆಹಬೂಬಿ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. “ಹಂಗ ಅಂತಾರಲ್ರಿ ಎಲ್ಲಾರೂ. ಇಲ್ಲ ಅಂದ್ರ ‘ನೀಡು’ ಅಂತ ಕೈ ಒಡ್ಡಿದಂಗ ಆಗೂದಿಲ್ಲೇನ್ರಿ? ಮನ್ಯಾಗಿನ ಮರ್ಯಾದಿ ಬೀದಿಗೆ ತಂದಂಗ. ನಮ್ಮವ್ವ ಸಾಯೂ ಹಾಸಗ್ಯಾಗ ಇದ್ರೂ ಬಂದವರಿಗೆ ‘ಆತ್ರಿ’ ಅಂತಿದ್ಲು.”

“ನೀನೂ ‘ನಂದೂ ಆತು’ ಅಂದಿ, ಹನ್ನೊಂದು ಮನ್ಯಾಗ.”

ಅವಳು ಛತ್ರಿಯ ಹಿಡಿಕೆಯನ್ನು ಒಂದು ಸಲ ತಿರುಗಿಸಿದಳು. ಆಮೇಲೆ ಸಿಟ್ಟಿನಿಂದಲೇ ಹೇಳಿದಳು: “ನೀವು ಕೇಳು ಅಂದ್ರಿ, ಕೇಳೀನಿ. ಅವರು ಅಂದದ್ದು ಬರದೀನಿ. ಒಲಿ ಮುಟ್ಟಿ ನೋಡು ಅಂದಿದ್ರಿ ಏನು?”

ಇಲ್ಲ, ಹಾಗೆಂದಿರಲಿಲ್ಲ. ಪ್ರಶ್ನೆ ಬರೆದವರೆಲ್ಲ ಇದೇ ಸೀಮೆಯವರು. ದಿನಕ್ಕೆ ಹತ್ತು ಸಲ ಅದೇ ಪ್ರಶ್ನೆಗೆ ಅದೇ ಉತ್ತರ ಕೊಡುವವರು. ಹೊರಗಿನವನೊಬ್ಬ ಬರೆದಿದ್ದರೆ ಬೇರೆ ಬಗೆಯಲ್ಲಿ ಕೇಳುತ್ತಿದ್ದನೇನೋ.

ಇಬ್ಬರೂ ತಿರುಗಿ ಹೋದರು. ಈ ಸಲ ಕೇಳಲಿಲ್ಲ, ಒಲೆ ನೋಡಿದರು. ಹನ್ನೊಂದರಲ್ಲಿ ಏಳು ಮನೆಯ ಒಲೆ ತಣ್ಣಗಿತ್ತು. ಹನ್ನೆರಡನೆಯದು ಶಾವಂತ್ರವ್ವನ ಮನೆ. ಬುಟ್ಟಿಯ ಅರಿವೆಯ ಕೆಳಗೆ ರೊಟ್ಟಿ ಇರಲಿಲ್ಲ. ಅವಳು ಹುಣಸೆಹಣ್ಣಿನ ಬೀಜ ಕುಟ್ಟಿ ಬಿಡಿಸುತ್ತ ಕೂತಿದ್ದಳು. ನಗುನಗುತ್ತಲೇ “ಬರ್ರಿ, ಕುಂದರ್ರಿ” ಎಂದಳು. ಕುಟ್ಟುವ ಕೈ ನಡುಗುತ್ತಿತ್ತು, ಹಣೆಯ ಮೇಲೆ ತಣ್ಣನೆಯ ಬೆವರು.

“ತಂಗೀ, ಬೆರಳು ಕೊಡು,” ಎಂದ ಶಾಂತಿನಾಥ. ಸೂಜಿ ಚುಚ್ಚಿ ಒಂದು ಹನಿ ತೆಗೆದ. ಯಂತ್ರ ನಲವತ್ತಾರು ಎಂದು ತೋರಿಸಿತು.

ಮೆಹಬೂಬಿ ಎದುರುಮನೆಗೆ ಓಡಿ ಬೆಲ್ಲ ತಂದಳು. ಶಾವಂತ್ರವ್ವ ಆ ಹೆಂಟೆಯನ್ನು ಎರಡು ಮಾಡಿ, ದೊಡ್ಡ ಚೂರನ್ನು ಬಾಗಿಲಲ್ಲಿ ನಿಂತಿದ್ದ ಮಗಳ ಕೈಗೆ ಕೊಟ್ಟಳು.

“ಅದನ್ನೂ ನೀನ ತಿನ್ನು!” ಶಾಂತಿನಾಥನ ದನಿ ತಾನಾಗಿ ಏರಿತು. ಹುಡುಗಿ ಹೆದರಿ ಬೆಲ್ಲವನ್ನು ಕೆಳಗೆ ಹಾಕಿದಳು.

ಬೆಲ್ಲ ಒಳಗೆ ಹೋಗಿ ಅವಳ ಕೈ ನಡುಕ ನಿಂತ ಮೇಲೆ ಅವನು ದ್ಯಾಮವ್ವನ ಕೊನೆಯ ದಿನದ ಬಗ್ಗೆ ಕೇಳಿದ. ಶಾವಂತ್ರವ್ವ ನೆಲ ನೋಡುತ್ತ ಹೇಳಿದಳು.

“ಅವತ್ತು ಒಂದ ರೊಟ್ಟಿ ಉಳದಿತ್ರಿ. ‘ನಂದಾತು, ನೀ ಉಣ್ಣು’ ಅಂದ್ಲು. ಹಿಂದಿನ ದಿನಾ ನಾ ಹಂಗ ಅಂದಿದ್ದೆ. ಒಂದಿನಾ ಅಕಿ, ಒಂದಿನಾ ನಾ, ಹಿಂಗ ನಡಸಿದ್ವಿ. ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು.” ನೆಲದ ಮೇಲಿದ್ದ ಒಂದು ಹುಣಸೆ ಬೀಜವನ್ನು ಆಚೆ ತಳ್ಳಿದಳು. “ಉಂಡೆ ನಾನು. ಮುಂಜಾನೆ ಎಬ್ಬಸಾಕ ಹೋದ್ರ ಏಳಲಿಲ್ಲ.”

*

ಶಾವಂತ್ರವ್ವನ ಒಂದು ನಳಿಕೆ ರಕ್ತವನ್ನು ಮಂಜುಗಡ್ಡೆಯಲ್ಲಿ ಹೂತು ಶಾಂತಿನಾಥ ಧಾರವಾಡಕ್ಕೆ ತಂದ. ಕಣಗಳನ್ನು ಬೇರ್ಪಡಿಸಿ, ಸಕ್ಕರೆ ನೀರಿನ ಬಟ್ಟಲಿಗೆ ಹಾಕಿ, ಮೈಯ ಬಿಸುಪಿನಲ್ಲಿಟ್ಟ. ಪಕ್ಕದ ಬಟ್ಟಲಿನಲ್ಲಿ ತನ್ನದೇ ರಕ್ತದ ಕಣಗಳು. ಅವನ ಬಟ್ಟಲಿನ ಸಕ್ಕರೆ ಸಂಜೆಯಾದರೂ ಅರ್ಧ ಉಳಿದಿತ್ತು. ಅವಳದು ಮಧ್ಯಾಹ್ನದ ಹೊತ್ತಿಗೇ ಬರಿದಾಗಿತ್ತು. ಸಕ್ಕರೆ ತೀರಿದ ಮೇಲೆ ಕಣಗಳು ಏನು ಮಾಡುತ್ತವೆಂದು ಅವನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಅಂಚೆಲ್ಲ ಮುಳ್ಳುಮುಳ್ಳಾಗಿ ಉಬ್ಬಿ ನಿಂತಿದ್ದವು.

ಯಾಕೆ ಬಡವರೇ ಸಾಯುತ್ತಾರೆ ಎಂಬುದೂ ಆಗ ತಿಳಿಯಿತು. ಕಣ ಉಂಡು ಬಿಟ್ಟ ಬೂದಿಯನ್ನು ಯಕೃತ್ತು ಮತ್ತೆ ಸಕ್ಕರೆ ಮಾಡಿ ಕಳಿಸುತ್ತದೆ. ಆದರೆ ಅದಕ್ಕೆ ಯಕೃತ್ತು ಮೈಯ ಕೊಬ್ಬನ್ನು ಉರಿಸಬೇಕು. ಧಾರವಾಡದ ಹುಡುಗಿಯರ ಮೈಯಲ್ಲಿ ಆ ಇಡುಗಂಟು ಇತ್ತು. ಮೂವತ್ತೆಂಟು ಕಿಲೋ ತೂಗುವ ದ್ಯಾಮವ್ವನ ಮೈಯಲ್ಲಿ ಉರಿಸಲು ಏನಿತ್ತು?

ಇನ್ನೊಂದು ಸಂಗತಿ ಕಂಡಾಗ ಅವನು ಕುರ್ಚಿಯಲ್ಲಿ ಹಿಂದಕ್ಕೊರಗಿ ಕಣ್ಣು ಮುಚ್ಚಿದ. ಎರಡು ವರ್ಷದಿಂದ ಹಳ್ಳಿಗಳಿಂದ ಬಂದ ರಕ್ತದ ನಳಿಕೆಗಳಲ್ಲಿ ಸಕ್ಕರೆ ಕಡಿಮೆ ಇದ್ದದ್ದು ಹನ್ನೊಂದು ಸಾವಿರ ಸಲ. ಅಷ್ಟೂ ಸಾಲುಗಳ ಎದುರು ‘ನಳಿಕೆ ತಡವಾಗಿ ಬಂದಿದೆ, ದಾರಿಯಲ್ಲಿ ಕಣಗಳೇ ಸಕ್ಕರೆ ತಿಂದಿವೆ, ಪರಿಗಣಿಸಬೇಡಿ’ ಎಂಬ ಟಿಪ್ಪಣಿ. ಪ್ರಯೋಗಾಲಯದವರಿಗೆಲ್ಲ ಗೊತ್ತಿರುವ ಮಾತು ಅದು. ನಳಿಕೆಯೊಳಗೂ ಕಣ ಉಣ್ಣುತ್ತಲೇ ಇರುತ್ತದೆ. ಆ ನಿಯಮವನ್ನು ಬರೆದು ಸಹಿ ಹಾಕಿದವನು ಅವನೇ. ಸತ್ಯ ಎರಡು ವರ್ಷ ಅವನ ಬಾಗಿಲು ತಟ್ಟಿತ್ತು. ಪ್ರತಿ ಸಲವೂ ಅವನು ‘ತಡವಾಗಿದೆ’ ಎಂದು ಬರೆದಿದ್ದ.

ನಿರ್ದೇಶಕಿ ವಸುಂಧರಾ ನಾಡಗೌಡರು ಎಲ್ಲವನ್ನೂ ಕೇಳಿಸಿಕೊಂಡರು. ಕೆಟ್ಟವರಲ್ಲ ಅವರು. ತಮ್ಮ ತಾಯಿ ರಕ್ತಹೀನತೆಯಿಂದ ಹೆರಿಗೆಯಲ್ಲಿ ಸತ್ತದ್ದನ್ನು ಕಂಡವರು.

“ಸೂಚನೆ ಸ್ಪಷ್ಟ ಇತ್ತು, ಉಪಾಧ್ಯೆ. ಉಂಡು ತಗೋರಿ ಅಂತ. ಅವರು ಪಾಲಿಸಿಲ್ಲ.”

“ಪಾಲಿಸಲಿಕ್ಕೆ ಊಟಾನ ಇರಲಿಲ್ಲ, ಮೇಡಂ.”

“ಹಂಗಾದ್ರ ಏನು, ನಾಳೆನೇ ನಿಲ್ಲಸೋಣೇನು? ನಲವತ್ತು ಸಾವಿರ ಹೆಂಗಸರು. ಎಲ್ಲಾರ ಹಿಮೋಗ್ಲೋಬಿನ್ ಇನ್ನೂ ಆರರಾಗ, ಏಳರಾಗ ಐತಿ. ಗುಳಿಗೆ ನಿಲ್ಲಿಸಿದ್ರ ನಾಲ್ಕು ತಿಂಗಳದಾಗ ಎಲ್ಲಾರೂ ಮತ್ತ ಹಾಸಿಗಿ ಹಿಡೀತಾರ. ಕಬ್ಬಿಣ ಎಲ್ಲೈತಿ? ಎರಡು ವರ್ಷ ಆತು ತರಿಸಿಲ್ಲ. ತರಿಸಾಕ ಮಂಜೂರಾತಿ ಬರೂದರಾಗ ಬ್ಯಾಸಿಗಿ ಮುಗೀತದ.”

“ನಿಲ್ಲಿಸಿದ್ರೂ ತಕ್ಷಣ ನಿಲ್ಲೂದಿಲ್ಲ,” ಎಂದ ಶಾಂತಿನಾಥ. ಕೆಂಪು ಕಣಕ್ಕೆ ಕೋಶಕೇಂದ್ರವಿಲ್ಲ. ಹೊಸ ಕಿಣ್ವ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಒಮ್ಮೆ ಬೆನ್ನಿಗೆ ಅಂಟಿದ ಕಸುವನ್ನು ಅದು ಸಾಯುವವರೆಗೆ ಹೊರುತ್ತದೆ, ನೂರಿಪ್ಪತ್ತು ದಿನ. “ಇವತ್ತು ನಿಲ್ಲಿಸಿದ್ರ ದಿನಕ್ಕ ನೂರಿಪ್ಪತ್ತರಾಗ ಒಂದು ಪಾಲು ಕಣ ಬಿಡುಗಡೆ ಆಗತಾವು. ಅಲ್ಲೀ ತನಕಾ ಅವರು ಹಸಿದಿರಬಾರದು. ಒಂದು ಹೊತ್ತೂ.”

ನಾಡಗೌಡರು ನಾಲ್ಕು ಹೆಸರುಗಳ ಹಾಳೆಯನ್ನು ಮತ್ತೊಮ್ಮೆ ಓದಿದರು. ಕೊನೆಗೆ, “ಹಿರೇಕಣಗಿ ಒಂದರಾಗ ಕೇಳಿ ನೋಡ್ರಿ,” ಎಂದರು. “ನಲವತ್ತೈದು ಕಿಲೋಕ್ಕಿಂತ ಕಡಿಮೆ ಇದ್ದವರು ಗುಳಿಗೆ ತಿರುಗಿ ಕೊಟ್ರ ತಗೊಂಡು ಬರ್ರಿ. ಬಲವಂತ ಬ್ಯಾಡ. ಕಾಗದದ ಮ್ಯಾಲೆ ಏನೂ ಬ್ಯಾಡ, ಸದ್ಯಕ್ಕ.”

*

ಎರಡನೇ ಸಲ ಬಂದಾಗ ಶಾಂತಿನಾಥನ ಚೀಲದಲ್ಲಿ ಗ್ಲೂಕೋಸ್ ಪೊಟ್ಟಣಗಳಿದ್ದವು, ಮತ್ತು ತನ್ನ ಕೈಯ ದುಡ್ಡಿನಿಂದ ಕೊಂಡ ಕಬ್ಬಿಣದ ಗುಳಿಗೆಗಳು. ಹತ್ತು ಮಂದಿಗೆ ಸಾಲುವಷ್ಟು. ಮೆಹಬೂಬಿ ಜೊತೆಗೆ ಬಂದಳು. ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ತೆಗೆಯಲಿಲ್ಲ.

ಆರು ಮನೆಯವರು ಗುಳಿಗೆ ತಿರುಗಿ ಕೊಟ್ಟರು. ಮೂವರು ಮುಗಿದಿದೆ ಎಂದರು. ಅದನ್ನು ನಂಬಬೇಕೋ ಬಿಡಬೇಕೋ ಅವನಿಗೆ ತಿಳಿಯಲಿಲ್ಲ.

ಶಾವಂತ್ರವ್ವ ಅಂಗಳಕ್ಕೆ ಹೊರಡುವವಳು, ಸೆರಗು ಸೊಂಟಕ್ಕೆ ಬಿಗಿದು ನಿಂತಿದ್ದಳು. ಈಗ ಆ ಮನೆಯಲ್ಲಿ ಇಬ್ಬರ ಕೆಲಸ ಅವಳೊಬ್ಬಳದು. ದ್ಯಾಮವ್ವನ ಎರಡು ಮಕ್ಕಳು, ತನ್ನ ಎರಡು. ಅತ್ತೆ ಬರಮವ್ವ ಗೋಡೆಗೆ ಒರಗಿ ಚಿಕ್ಕದನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು.

ಶಾಂತಿನಾಥ ನೆಲದ ಮೇಲೆಯೇ ಕೂತು ನಿಧಾನವಾಗಿ ಎಲ್ಲವನ್ನೂ ಹೇಳಿದ. ಮೇಸ್ತ್ರಿಯ ಕಥೆ ಹೇಳಿದ. ದ್ಯಾಮವ್ವನಿಗೆ ಏನಾಯಿತೆಂದು ಹೇಳಿದ. ಈ ಗುಳಿಗೆ ನಿನ್ನ ಮೈಯನ್ನೇ ತಿನ್ನುತ್ತಿದೆ ಎಂದ. ನಾಲ್ಕು ತಿಂಗಳು ದಿನಕ್ಕೆ ಐದು ಸಲ ಉಣ್ಣಬೇಕು, ನಸುಕಿನಲ್ಲಿ ಎದ್ದ ಕೂಡಲೇ ಒಂದು ಸಲ, ಎಲ್ಲರಿಗಿಂತ ಮೊದಲು.

“ಗಂಡಸರಕಿಂತಾ ಮೊದಲ?” ಎಂದಳು ಬರಮವ್ವ.

“ಹೌದವ್ವಾ. ಮೊದಲ.”

ಬರಮವ್ವ ಸೊಸೆಯ ಮುಖ ನೋಡಿದಳು. ಅವಳೂ ನಲವತ್ತು ವರ್ಷ ಕೊನೆಗೆ ಉಂಡವಳೇ. “ಉಣ್ಣಲಿ ಬಿಡ್ರಿ,” ಎಂದಳು. “ನಾ ಏನ್ ಬ್ಯಾಡ ಅನ್ನಂಗಿಲ್ಲ. ಇದ್ರ ಉಣ್ಣಲಿ.”

“ಉಣ್ಣತೀಯೇನು, ತಂಗೀ?”

“ಆತ್ರಿ,” ಎಂದಳು ಶಾವಂತ್ರವ್ವ ಕೂಡಲೇ. “ಉಣ್ಣತೀನ್ರಿ.”

ಮೆಹಬೂಬಿ ಬೇರೆ ಕಡೆ ನೋಡಿದಳು. ಆ ‘ಆತ್ರಿ’ ಎಂಥದೆಂದು ಈಗ ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು.

“ಹಂಗಾರ ಗುಳಿಗಿ ಕೊಡು,” ಎಂದ ಶಾಂತಿನಾಥ. “ಇದರ ಬದಲಿ ಕಬ್ಬಿಣ ತಂದೀನಿ. ಮೂರು ತಿಂಗಳು ತಗೋ. ಖರೇ ರಕ್ತ ಬರತೈತಿ ಮೈಯಾಗ.”

“ಇದು ಎಷ್ಟು ದಿನಕ್ಕ ಆಕ್ಕೇತ್ರಿ?”

“ಒಂದು ತಿಂಗಳಿಗೆ.”

“ಆಮ್ಯಾಲೆ?”

“ಆಮ್ಯಾಲೆ ನಾ ತರತೀನಿ.”

ಶಾವಂತ್ರವ್ವ ನಕ್ಕಳು. ಆ ನಗುವಿನಲ್ಲಿ ಕುಹಕವಿರಲಿಲ್ಲ. “ನೀವೂ ನಮ್ಮಂಗ ಅಂತೀರಲ್ರಿ, ಸಾಹೇಬ್ರ. ಊಟ ಆತು ಅಂದಂಗ.”

ಅವಳು ಗೋಡೆಯ ಗೂಡಿನಿಂದ ಕುಂಕುಮದ ಭರಣಿಯ ಹಿಂದಿಟ್ಟಿದ್ದ ಗುಳಿಗೆಯ ಪಟ್ಟಿಯನ್ನು ತೆಗೆದಳು. ಅವನು ಕೈ ಚಾಚಿದ. ಅವಳು ಅದನ್ನು ತನ್ನ ಎರಡು ಅಂಗೈಗಳ ನಡುವೆ ಹಿಡಿದುಕೊಂಡು ನಿಂತಳು.

“ಗುಳಿಗಿ ಬಿಟ್ಟು ನಾ ಮತ್ತ ಕುಂತ್ರ ಈ ನಾಕು ಹುಡುಗೂರಿಗೆ ಯಾರು ಮಾಡಿ ಹಾಕತಾರ್ರಿ? ಮೊದಲ ದ್ಯಾಮಿ ಇದ್ಲು. ನಾ ಕುಂತ್ರೂ ಅಕಿ ನಿಂತು ಮಾಡತಿದ್ಲು.”

“ತಂಗೀ, ಇದನ್ನ ನುಂಗಿದ್ರ ನೀ ಇರೂದಿಲ್ಲ. ಇವತ್ತಲ್ಲ ನಾಳೆ, ಒಂದು ದಿನಾ ರೊಟ್ಟಿ ಕಮ್ಮಿ ಬಿದ್ದದ್ದ ತಡಾ. ಆಗ ಇವರಿಗೆ ಯಾರದಾರ?”

“ದ್ಯಾಮಿ ಒಂದ ರಾತ್ರ್ಯಾಗ ಸತ್ತಳ್ರಿ. ನಾ ಒಂಬತ್ತು ವರ್ಷ ಸಾಯಾಕತ್ತಿದ್ದೆ. ಅವಾಗ ಧಾರವಾಡದಿಂದ ಯಾರೂ ಬರಲಿಲ್ಲ ನೋಡ್ರಿ, ಏನಾಗೇತವ್ವಾ ನಿನಗ ಅಂತ ಕೇಳಾಕ.” ಅವಳ ದನಿ ಏರಲಿಲ್ಲ. “ಮಗಳು ಅತ್ರ ಎತ್ತಿಕೊಳ್ಳಾಕ ಆಗತಿರಲಿಲ್ಲ. ಬಿದ್ದಲ್ಲೇ ಬಿದ್ದು ನೋಡತಿದ್ದೆ. ಕುಂತಾಕಿ ಅಂತಿದ್ರು. ಈಗ ಎರಡು ವರ್ಷ ಆತು, ನನ್ನ ಹೆಸರು ಹಿಡದು ಕರೀತಾರ.”

ಬರಮವ್ವನ ತೊಡೆಯ ಮೇಲಿದ್ದ ಮಗು ಎದ್ದು ಬಂದು ಶಾವಂತ್ರವ್ವನ ಕಾಲು ಹಿಡಿಯಿತು. ದ್ಯಾಮವ್ವನ ಕೂಸು ಅದು. ಅವಳು ಒಂದೇ ಕೈಯಿಂದ ಅದನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು.

ಶಾಂತಿನಾಥ ಎದ್ದು ನಿಂತ. ಐವತ್ತೊಂದು ವರ್ಷದಲ್ಲಿ ದೇವರ ಮುಂದೆ ಬಿಟ್ಟು ಬೇರೆಲ್ಲೂ ಮುಗಿಯದ ಕೈಗಳನ್ನು ಮುಗಿದ.

“ಕೈ ಮುಗದು ಕೇಳತೀನಿ, ಶಾವಂತ್ರವ್ವಾ. ಕೊಡು.”

“ಇಲ್ರಿ,” ಎಂದಳು ಅವಳು, ಅವನ ಕಣ್ಣಿಗೆ ಕಣ್ಣು ಕೊಟ್ಟು. “ಕೊಡಂಗಿಲ್ಲ.”